ಎರಡನೇ ನಂಬರ್

ಜೋಗುಪಾಳ್ಯ
ಭಾನುವಾರ

ಮುನಿಶಾಮಿ ಮಾವನಿಗೆ,

ನಿನ್ನೆ ಮಂಜೂರ್‌ನ ಕಾಲಿಗೆ ಆಪರೇಷನ್ ಆಯಿತು. ಗರುಡಾಚಾರ್‌ಪಾಳ್ಯದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಅಟ್ಟಣಿಗೆಗೆ ನೀವು ಕೊಟ್ಟ ಉಕ್ಕಿನ ಜಾಲರಿ ಬಾಗಿ, ಅದರ ಮೇಲೆ ನಿಂತು ವೆಲ್ಡಿಂಗ್ ಮಾಡುತ್ತಿದ್ದ ಅವನು ಕೆಳಗೆ ಬಿದ್ದ.

ಜಾಲರಿಯ ಕೋಡ್ ಓದಲು ನನಗೆ ಕಲಿಸಿದವರು ನೀವೇ. '೩೨-೫' ಎಂದರೆ ಭಾರ ಹೊರುವ ಪಟ್ಟಿಯ ಎತ್ತರ ಮೂವತ್ತೆರಡು ಮಿಲಿಮೀಟರ್, ದಪ್ಪ ಐದು. "ಎರಡನೇ ನಂಬರ್ ಮರೀಬೇಡಮ್ಮ, ಜನ ನಿಲ್ಲೋದೇ ಅದರ ಮೇಲೆ," ಅಂದಿದ್ದಿರಿ. ಮಾಲು ಬಂದ ದಿನ ನಾನು ಅಳೆಯಲು ಹೊರಟಾಗ, "ನಿಮ್ಮ ಮಾವನ ಮಾಲನ್ನೂ ಅಳೀತೀಯಾ?" ಎಂದು ನಕ್ಕಿರಿ. ನಾಚಿಕೆಯಾಗಿ ಬಿಟ್ಟೆ. ಅವನು ಬಿದ್ದ ಮೇಲೆ ಅಳೆದೆ. ಮೂರೇ ಇತ್ತು. ಐದು ಎಂದು ಚೀಟಿ ಕಟ್ಟಿದ್ದವರು ನೀವು.

ಮಂಜೂರ್ ಮನೆಗೆ ಹಣ್ಣು ಕಳಿಸಬೇಡಿ. ಪೊಲೀಸರ ಮುಂದೆ ಇದ್ದದ್ದನ್ನು ಹೇಳಿ, ನಾನೂ ಹೇಳುತ್ತೇನೆ.

ಉಳಿದ ಜಾಲರಿಗಳನ್ನು ಶುಕ್ರವಾರ ಬಿಚ್ಚುತ್ತಾರೆ. ಅದಕ್ಕೆ ಮೊದಲು ನೀವೇ ಬಂದು ಅವುಗಳ ಮೇಲೆ ಒಮ್ಮೆ ನಡೆಯಿರಿ ಎಂದು ಬರೆಯಲು ಕೂತಿದ್ದೆ. ಬೇಡ ಮಾವ, ಬರಬೇಡಿ. ನೀವು ಬಿದ್ದರೆ ಎತ್ತಲು ಮೊದಲು ಓಡಿಬರುವವಳು ನಾನೇ.

ಸುಗುಣಾ