ಪೀಕಾಳ ಎಡ ಹಿಂಗಾಲು

ಸೆಪ್ಟೆಂಬರ್ 18, ಬೆಳಿಗ್ಗೆ 6.40

ಔಷಧದ ಹನಿ ಕೊಟ್ಟಾಯಿತು. ಅರ್ಧ ಅವಳ ನಾಲಿಗೆಗೆ, ಅರ್ಧ ನನ್ನ ತೋಳಿಗೆ. ಪೀಕಾ ಮುಖ ಸಿಂಡರಿಸಿಕೊಂಡು ಮೂಲೆ ಸೇರಿದಳು. ಆಮೇಲೆ ಅಂಗಳದಲ್ಲಿ ಎರಡು ಸುತ್ತು. ಎಡ ಹಿಂಗಾಲು ಇವತ್ತೂ ತಡವಾಗಿ ನೆಲ ಮುಟ್ಟಿತು. ತಿರುಗುವಾಗ ಸೊಂಟ ಎಳೆದುಕೊಂಡಳು.

ನಡಿಗೆ ಬರೆದಿಡು ಎಂದವರು ಪಶುವೈದ್ಯೆ ಡಾಕ್ಟರ್ ಓರ್ಯಾನಾ. “ದಿನಾ ಎರಡು ಸಾಲು ಸಾಕು ನೇವಿಯಾ. ಸಿಬಿಡಿ ಎಣ್ಣೆ ಪವಾಡ ಅಲ್ಲ. ಕೆಲವು ನಾಯಿಗಳಿಗೆ ನೋವು ಕಮ್ಮಿ ಆಗತ್ತೆ, ಕೆಲವಕ್ಕೆ ಏನೂ ಆಗಲ್ಲ. ನೆನಪನ್ನ ನಂಬಬೇಡ, ಬರೆದದ್ದನ್ನ ನಂಬು.”

ಎರಡು ಸಾಲಿಗೆ ನಿಲ್ಲುವ ಕೈ ನನ್ನದಲ್ಲ.

ಪೀಕಾ ಆಗಸ್ಟ್‌ನಲ್ಲಿ ಹಳ್ಳದ ದಂಡೆಯಿಂದ ಜಾರಿ ಬಿದ್ದದ್ದು. ಏಳು ವರ್ಷದ ನಾಯಿ. ನೆಲದೊಳಗಿನ ಟ್ರಫಲ್ ಅಣಬೆಯನ್ನು ಇವಳಷ್ಟು ಚೆನ್ನಾಗಿ ಮೂಸಿ ಹಿಡಿಯುವ ನಾಯಿ ಈ ಗುಡ್ಡದಲ್ಲೇ ಇಲ್ಲ. ಬಾರ್ಬಾ ಬೇಪೊ ಹೇಳಿಬಿಟ್ಟಿದ್ದಾರೆ — “ಮಾರ್ಟಿನ್ ಹಬ್ಬದ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕ್ಲಾವ್ದಿಯೊ ಹತ್ರ ಇರೋ ಮರಿ ತರ್ತೀನಿ. ಪೀಕಾ ಒಲೆ ಮುಂದೆ ಮಲಗ್ಲಿ.”

ನವೆಂಬರ್ 11ಕ್ಕೆ ಆ ಹಬ್ಬ. ಅಂದು ಬೆಳಿಗ್ಗೆ ಅವರು ಒಂದೇ ನಾಯಿಯನ್ನು ಕಾಡಿಗೆ ಕರೆದೊಯ್ಯುವುದು. ಹೋದ ನಾಯಿಗೆ ಚಳಿಗಾಲ ಪೂರ್ತಿ ಕಾಡು. ಅಮ್ಮನ ಚಿಕ್ಕಪ್ಪ ಅವರು (ಹಿರಿಯರನ್ನು ಇಲ್ಲಿ ಬಾರ್ಬಾ ಅನ್ನುತ್ತಾರೆ), ಅರವತ್ತು ವರ್ಷದಿಂದ ಹೀಗೇ. ವಾದಿಸಿ ಪ್ರಯೋಜನವಿಲ್ಲ. ಆದರೂ ವಾದಿಸಿದೆ.

ಒಲೆ ಮುಂದೆ ಕೂರುವ ಪ್ರಾಣಿಯೇ ಇದು? ಬಿಟ್ಟು ಬಂದ ಅಡುಗೆ ಶಾಲೆಯ ಬೆಂಚಿನ ಮೇಲೆ ನಾನು ಕೂತ ಹಾಗೇ ಆಗುತ್ತದೆ.

ಸೆಪ್ಟೆಂಬರ್ 21

ಉಗಿದಳು. ಮೊಸರನ್ನದ ಹಾಗೆ ಮೆತ್ತಗಿನ ಸ್ಕೂಟಾ ಗಿಣ್ಣಿನಲ್ಲಿ ಬೆರೆಸಿದೆ — ಗಿಣ್ಣು ಸುತ್ತ ನೆಕ್ಕಿ ಹನಿ ಬಿದ್ದ ಜಾಗ ಬಿಟ್ಟಳು. ಎಂಥ ಮೂಗು! ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಸೆಪ್ಟೆಂಬರ್ 22

ಉಪಾಯ ಸಿಕ್ಕಿತು. ಅಡುಗೆಮನೆಯ ಶೆಲ್ಫಿನಲ್ಲಿ ಯಾರೋ ಕೊಟ್ಟ ಟ್ರಫಲ್ ವಾಸನೆಯ ಎಣ್ಣೆ. ಬಾರ್ಬಾ ಅದನ್ನು ಮುಟ್ಟುವುದಿಲ್ಲ, ಸೀಮೆಎಣ್ಣೆ ಅನ್ನುತ್ತಾರೆ. ಒಂದು ಚಮಚಕ್ಕೆ ಹನಿ ಬೆರೆಸಿದೆ. ಬಟ್ಟಲು ತಳ ಕಾಣುವವರೆಗೆ ನೆಕ್ಕಿದಳು! ಬೆಳಿಗ್ಗೆ, ಸಂಜೆ, ಎರಡು ಸಲವೂ.

ನಾನು ದಡ್ಡಿಯಲ್ಲ.

ಅಕ್ಟೋಬರ್ 3

ಕಾಲು ಸರಿಯಾಗಿ ಊರುತ್ತಿದ್ದಾಳೆ. ಹತ್ತು ಹೆಜ್ಜೆಯಲ್ಲಿ ಎಂಟು. ಮೀರ್ನಾ ಹೊಳೆಯಲ್ಲಿ ದಿನಾ ಹದಿನೈದು ನಿಮಿಷ ಈಜು, ನಾನೂ ಸೊಂಟದವರೆಗೆ ನೀರಲ್ಲಿ. ನಂತರ ಹಗ್ಗ ಹಿಡಿದು ನಿಧಾನ ಏರು. ಮೆಟ್ಟಿಲು ಇಲ್ಲ, ಜಿಗಿತ ಇಲ್ಲ. ರಾತ್ರಿ ನರಳುವುದು ನಿಂತು ಒಂದು ವಾರ.

ಬಾರ್ಬಾ ಬಾಗಿಲಲ್ಲಿ ನಿಂತು ನೋಡಿದರು. “ನಡಿಗೆ ನೋಡು, ಚರ್ಚಿಗೆ ಹೊರಟ ಮದುಮಗಳ ಹಾಗೆ.” ಆಮೇಲೆ ಒಳಗೆ ಹೋಗಿ ರೇಡಿಯೋ ಜೋರು ಮಾಡಿದರು. ಕಣ್ಣು ಒರೆಸಿಕೊಂಡರೋ ಇಲ್ಲವೋ, ನೋಡಲಿಲ್ಲ. ನೋಡದ್ದನ್ನು ಬರೆಯುವುದಿಲ್ಲ.

ಅಕ್ಟೋಬರ್ 9

ಬಾರಿನಲ್ಲಿ ಎದುರುಮನೆ ಕ್ಲಾವ್ದಿಯೊ. ನಾಯಿಮರಿ ಸಾಕಿ ಮಾರುವವನು. ಎಲ್ಲರಿಗೂ ಕೇಳುವ ಹಾಗೆ — “ನಮ್ಮ ನೇವಿಯಾ ನಾಯಿಗೆ ಗಾಂಜಾ ಕುಡಿಸ್ತಾಳಂತೆ! ಅದು ಇನ್ನು ಅಣಬೆ ಹುಡುಕಲ್ಲ, ನಕ್ಷತ್ರ ಎಣಿಸತ್ತೆ!”

“ಅದೇ ಜಾತಿ ಗಿಡದ ಎಣ್ಣೆ, ನಶೆ ಏರೋ ಅಂಶ ತೆಗೆದಿದ್ದು. ಅಮಲು ಏರೋದು ನಿಮ್ಮ ಮಾಲ್ವಾಜಿಯಾ ವೈನಿಂದ. ನೋಡಿ, ಈಗ್ಲೇ ಏರಿದೆ” ಎಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ. “ಮರಿ ತೆಗೆದಿಟ್ಟಿದೀನಿ ಅಂತ ನಿನ್ನ ಬಾರ್ಬಾಗೆ ಹೇಳು.”

ಅಕ್ಟೋಬರ್ 17, ಮಧ್ಯಾಹ್ನ

ಆದದ್ದು ಆದ ಹಾಗೆ ಬರೆಯುತ್ತೇನೆ.

ಡಾಕ್ಟರ್ ಒಂದು ಗಂಟೆ ಕಾಡಿಗೆ ಬಿಡಬಹುದು ಎಂದಿದ್ದರು. ಬಾರ್ಬಾ, ನಾನು, ಪೀಕಾ. ಹೊಳೆಯಂಚಿನ ಓಕ್ ಮರಗಳು. ಬಿಟ್ಟ ಕೂಡಲೇ ಬಾಲ ಮೇಲೆ, ಮೂಗು ಕೆಳಗೆ. ಆಗಸ್ಟ್‌ನಲ್ಲಿ ಮಂಚದಡಿ ಬಿದ್ದಿದ್ದ ನಾಯಿಯೇ ಇದು! ಇಪ್ಪತ್ತು ನಿಮಿಷದಲ್ಲಿ ಕೆರೆಯತೊಡಗಿದಳು. ಬಾರ್ಬಾ ಮಂಡಿಯೂರಿದರು. ಮಣ್ಣಲ್ಲಿ ಬಿಳಿ ಟ್ರಫಲ್, ಅಕ್ರೋಟು ಗಾತ್ರ. ಬಾರ್ಬಾ ಕೈ ಚಾಚಿದರು —

ನುಂಗಿಬಿಟ್ಟಳು.

ಏಳು ವರ್ಷದಲ್ಲಿ ಒಂದನ್ನೂ ಕಚ್ಚಿದವಳಲ್ಲ. ತಿನ್ನುವ ನಾಯಿಯನ್ನು ಯಾರೂ ಕಾಡಿಗೆ ಒಯ್ಯುವುದಿಲ್ಲ. ಒಮ್ಮೆ ರುಚಿ ಹತ್ತಿದರೆ ಮುಗಿಯಿತು.

ಅಂಗಳಕ್ಕೆ ಬಂದ ಮೇಲೆ ಬಾರ್ಬಾ — “ಆ ಡಾಕ್ಟರಮ್ಮನ ಎಣ್ಣೆ ತಲೆ ಕೆಡಿಸ್ತು. ನಾಳೆಯಿಂದ ನಿಲ್ಲಿಸು. ಅವಳಿಗೆ ನಾನೇ ಎರಡು ಮಾತು ಹೇಳ್ತೀನಿ.”

ಎಣ್ಣೆಯ ತಪ್ಪಲ್ಲ. ನನಗೆ ಗೊತ್ತು. ಟ್ರಫಲ್ ವಾಸನೆ ಎಂದರೆ ಹುಡುಕುವುದು, ತಿನ್ನುವುದಲ್ಲ ಎಂದು ಅವಳಿಗೆ ಕಲಿಸಿದ್ದರು. ಅದೇ ವಾಸನೆಯನ್ನು ನಾನು ಬಟ್ಟಲಲ್ಲಿಟ್ಟು ದಿನಕ್ಕೆರಡು ಸಲ ತಿನ್ನಿಸಿದೆ. ಇಪ್ಪತ್ತೈದು ದಿನ.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಡಾಕ್ಟರ್ ಬೈಸಿಕೊಳ್ಳುತ್ತಾರೆ, ಅಷ್ಟೇ.

ಅದೇ ದಿನ, ಸಂಜೆ 5

ಹೇಳಿದೆ. ಟ್ರಫಲ್ ಎಣ್ಣೆಯ ಬಾಟಲಿ ಮೇಜಿನ ಮೇಲಿಟ್ಟು ನಿಂತೇ ಹೇಳಿದೆ.

ಬಾರ್ಬಾ ಬಾಟಲಿ ನೋಡಿದರು, ನನ್ನನ್ನು ನೋಡಿದರು. “ಅಡುಗೆ ಶಾಲೆ ಬಿಟ್ಟೆ. ಅಡುಗೆ ಮಾಡೋದು ಬಿಡ್ಲಿಲ್ಲ.”

“ತಪ್ಪಾಯ್ತು ಬಾರ್ಬಾ.”

“ಅಣಬೆ ಬೇಟೆಯವರ ಮನೆ ಹುಡುಗಿ ನೀನು. ಸೀಮೆಎಣ್ಣೆ ವ್ಯಾಪಾರದವರ ಮಗಳು ಮಾಡಿದ್ರೆ ಬಿಟ್ಬಿಡ್ತಿದ್ದೆ.”

“ನಾನೇ ಕೆಡಿಸಿದ್ದು, ನಾನೇ ಬಿಡಿಸ್ತೀನಿ. ಹಬ್ಬಕ್ಕೆ ಇಪ್ಪತ್ತೈದು ದಿನ ಇದೆ.”

“ಅಷ್ಟೇ ದಿನದಲ್ಲಿ ತಾನೇ ಕೆಡಿಸಿದ್ದು?” ಎಂದರು. ಡಾಕ್ಟರಿಗೆ ಫೋನ್ ಮಾಡಲಿಲ್ಲ.

ಅಕ್ಟೋಬರ್ 19

ಸಾರ್ಡೀನ್ ಮೀನಿನ ಡಬ್ಬಿಯ ಎಣ್ಣೆಯಲ್ಲಿ ಹನಿ. ಕುಡಿದಳು. ಮೊದಲೇ ಯಾಕೆ ಹೊಳೆಯಲಿಲ್ಲ!

ಬಾರ್ಬಾ ಒಂದು ಪುಟ್ಟ ತಗಡಿನ ಡಬ್ಬಿ ಮೇಜಿನ ಮೇಲಿಟ್ಟು ಹೋದರು. ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ತೂತುಗಳು. ಒಳಗೆ ನಿಜವಾದ ಟ್ರಫಲ್.

ನವೆಂಬರ್ 2

ಎರಡು ವಾರ ಬರೆಯಲಾಗಲಿಲ್ಲ. ನಾನು ಡಬ್ಬಿ ಹೂಳುವುದು, ಪೀಕಾ ಹುಡುಕಿ ಕಚ್ಚಲು ನೋಡುವುದು, ನಾನು “ಬಿಡು” ಅನ್ನುವುದು, ಬಿಟ್ಟರೆ ಕೈಯಿಂದ ಗಿಣ್ಣು. ದಿನಕ್ಕೆ ನಲವತ್ತು ಸಲ. ಶಾಲೆಯಲ್ಲಿ ನಲವತ್ತು ನಿಮಿಷ ಕೂರದವಳು ನಾನು. ಮೊದಲ ವಾರ ಡಬ್ಬಿಗೆ ಹಲ್ಲಿನ ಗುರುತು. ಮೊನ್ನೆಯಿಂದ ಗುರುತಿಲ್ಲ. ಕೆರೆಯುತ್ತಾಳೆ, ನಿಲ್ಲುತ್ತಾಳೆ, ನನ್ನ ಮುಖ ನೋಡುತ್ತಾಳೆ.

ಡಾಕ್ಟರ್ ಬಳಿ ಹೋಗಿದ್ದೆ. ರಕ್ತಪರೀಕ್ಷೆ ಸರಿಯಿದೆ, ಯಕೃತ್ತಿಗೂ ತೊಂದರೆಯಿಲ್ಲ. ಈ ಪುಸ್ತಕ ಪೂರ್ತಿ ತಿರುವಿದರು — ನಡಿಗೆಯ ಸಾಲುಗಳನ್ನು ಮಾತ್ರ ಓದಿ ಅಂತ ಬೇಡಿಕೊಂಡೆ. “ಇಷ್ಟು ಚೆನ್ನಾಗಿ ಯಾರೂ ಬರೆದುಕೊಟ್ಟಿಲ್ಲ” ಎಂದರು. ಮಾರ್ಕ್ಸ್ ಕಾರ್ಡಿನಲ್ಲಿ ಒಮ್ಮೆಯೂ ಕಾಣದ ಮಾತು.

ಎಣ್ಣೆಯಿಂದಲೇ ತಾನೇ ಗುಣವಾದದ್ದು ಎಂದು ಕೇಳಿದೆ. “ಎಣ್ಣೆ ಎಷ್ಟು, ಈಜು ಎಷ್ಟು, ವಿಶ್ರಾಂತಿ ಎಷ್ಟು, ನಂಗೂ ಗೊತ್ತಿಲ್ಲ ನೇವಿಯಾ. ಗೊತ್ತು ಅನ್ನೋರ ಹತ್ರ ಹೋಗ್ಬೇಡ.”

ನವೆಂಬರ್ 6

ಎಣ್ಣೆ ಮಾರುವ ಅಂಗಡಿಯಾಕೆ ಪೀಕಾಳ ಫೋಟೋ ಕೇಳಿದಳು. ಕೆಳಗೆ “ಹನಿ ಎಬ್ಬಿಸಿದ ನಾಯಿ” ಎಂದು ಬರೆಸುತ್ತಾಳಂತೆ. ಹನಿ, ಹೊಳೆ, ವಿಶ್ರಾಂತಿ, ಹಠ — ನಾಲ್ಕನ್ನೂ ಬರೆಯಿರಿ ಎಂದೆ. ಜಾಗ ಸಾಲದು ಎಂದಳು. ಫೋಟೋ ಕೊಡಲಿಲ್ಲ.

ನವೆಂಬರ್ 10

ನಾಳೆ ಯಾವ ನಾಯಿ ಎಂದು ಊಟದಲ್ಲಿ ಬಾರ್ಬಾರನ್ನು ಕೇಳಿದೆ. “ನಾಳೆ ಗೊತ್ತಾಗತ್ತೆ. ಸೂಪ್ ಆರಿಹೋಗ್ತಿದೆ.”

ಕ್ಲಾವ್ದಿಯೊ ಮನೆಯಿಂದ ಮರಿಯ ಬೊಗಳು. ಚೂಪು ದನಿ. ಒಳ್ಳೆಯ ನಾಯಿಯಾಗುತ್ತದೆ. ಸುಳ್ಳು ಹೇಳಲಾರೆ.

ನವೆಂಬರ್ 11, ಮಾರ್ಟಿನ್ ಹಬ್ಬ, ಬೆಳಿಗ್ಗೆ 8.15, ಕಾಡಿನಲ್ಲಿ

ಬಿದ್ದ ಮರದ ಮೇಲೆ ಕೂತು ಪೆನ್ಸಿಲ್ಲಿನಲ್ಲಿ. ಬೆರಳು ಮರಗಟ್ಟಿದೆ.

ಆರಕ್ಕೆ ಬಾರ್ಬಾ ಹಗ್ಗ ಹಿಡಿದು ಬಂದರು, ಪೀಕಾಳ ಕೊರಳಿಗೆ ಕಟ್ಟಿದರು. ಅಗೆಯುವ ಕೈಗುದ್ದಲಿಯನ್ನು ನನ್ನ ಕೈಗಿಟ್ಟರು. ಅದನ್ನು ಅವರು ಇವತ್ತಿನವರೆಗೆ ಯಾರಿಗೂ ಕೊಟ್ಟದ್ದು ನೋಡಿಲ್ಲ.

ಹಳ್ಳದ ಆಚೆ, ಪಾಪ್ಲರ್ ಮರದ ಬುಡದಲ್ಲಿ ಕೆರೆದಳು. ಒಂದು ಗೇಣು. ನಾನು ಮಂಡಿಯೂರಿದೆ. ಬಿಳಿ ಕಂಡಿತು. ಅವಳು ನುಂಗಿದ್ದಕ್ಕಿಂತ ದೊಡ್ಡದು, ಮುಷ್ಟಿಯಷ್ಟು. ಪೀಕಾಳ ಮೂತಿ ಅದರಿಂದ ಎರಡು ಬೆರಳ ದೂರ. ಜೊಲ್ಲು ಇಳಿಯುತ್ತಿತ್ತು. “ಬಿಡು” ಎನ್ನಲು ಬಾಯಿ ತೆರೆದೆ, ಬಾರ್ಬಾ ನನ್ನ ಭುಜ ಒತ್ತಿದರು.

“ಹೇಳ್ಬೇಡ. ಅವಳೇ ಹೇಳ್ಲಿ.”

ಎಷ್ಟು ಹೊತ್ತೋ. ಪೀಕಾ ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ಕೂತಳು. ಕೂತೇಬಿಟ್ಟಳು!

ಗಿಣ್ಣಿನ ತುಂಡು ಪೂರ್ತಿ ಕೊಟ್ಟೆ. ಬಾರ್ಬಾ ಟ್ರಫಲ್ ಎತ್ತಿ ಮೂಸಿದರು, ನನ್ನ ಜೇಬಿಗೇ ಹಾಕಿದರು. ಫೋನ್ ತೆಗೆದು ದೊಡ್ಡ ದನಿಯಲ್ಲಿ, ಕಾಡೆಲ್ಲ ಕೇಳುವ ಹಾಗೆ —

“ಕ್ಲಾವ್ದಿಯೊ? ಮರೀನ ಬೇರೆಯವ್ರಿಗೆ ಕೊಡು. ನಮ್ಮನೇಲಿ ಜಾಗ ಇಲ್ಲ. ಇಲ್ಲಿ ಇಬ್ರಿದಾರೆ.”

ಇಬ್ಬರು. ಪೀಕಾ, ನಾನು.

ನಡಿಗೆ: ಏರಿನಲ್ಲಿ ಎಡ ಹಿಂಗಾಲು ಇನ್ನೂ ಕೂದಲೆಳೆಯಷ್ಟು ತಡ. ಬರೆಯದಿದ್ದರೆ ಸುಳ್ಳಾಗುತ್ತದೆ. ಉಳಿದಂತೆ ಓಟ ಸಲೀಸು, ತಿರುವು ಸಲೀಸು, ಬಾಲ —

ಬಾರ್ಬಾ ಕೂಗುತ್ತಿದ್ದಾರೆ. ಪೀಕಾ ಮತ್ತೆ ಕೆರೆಯುತ್ತಿದ್ದಾಳೆ, ಗುದ್ದಲಿ ನನ್ನ ಹತ್ತಿರ —