ನೂರಾ ನಲವತ್ತೆರಡು ಸಹಿಗಳು

ವೊನೊಪಸಿರ್, ಜಾವಾದ ದಕ್ಷಿಣ ಕರಾವಳಿ
ಬುಧವಾರ, 14 ಆಗಸ್ಟ್ 2013

ಪ್ರೀತಿಯ ಪರ್ಜೊನೊ,

ನಿನ್ನ ಕಾಗದ ಜೈಲಿನಿಂದ ಬಂದು ಇಪ್ಪತ್ತಮೂರು ದಿನಗಳಾದವು. ತಡವಾಗಿ ತಂದ ಮನೆಪಾಠವನ್ನು ಮುಟ್ಟದೆ ಹಿಂತಿರುಗಿಸುತ್ತಿದ್ದ ಟೀಚರಮ್ಮ, ಊರಿಗೆಲ್ಲ ‘ಬು ಗುರು’, ನಾನು. ನೀನು ನನ್ನ ಕಾಗದಕ್ಕೆ ಹಾಗೆ ಮಾಡಬೇಡ. ರಂಜಾನ್ ಹಬ್ಬದ ದಿನ ಕಿರಿಯರು ಹಿರಿಯರ ಮುಂದೆ ಮಂಡಿಯೂರಿ, ಅರಿತು ಮಾಡಿದ ತಪ್ಪಿಗೂ ಅರಿಯದೆ ಮಾಡಿದ ತಪ್ಪಿಗೂ ಕ್ಷಮೆ ಬೇಡುವುದು ನಮ್ಮ ರೂಢಿ. ಪ್ರತಿವರ್ಷ ನನ್ನ ಜಗಲಿಗೆ ಮೊದಲು ಬರುತ್ತಿದ್ದವನು ನೀನು. ಈ ವರ್ಷ ಬೇಡಬೇಕಾದವಳು ನಾನು. ಯಾತಕ್ಕೆಂದು ಬರೆಯುವ ಧೈರ್ಯ ಕೂಡಿಬರಲು ಇಷ್ಟು ದಿನ ಹಿಡಿಯಿತು.

ಮೊದಲು ಊರಿನ ಸುದ್ದಿ. ಕಡಲಿಗೂ ಮೆಣಸಿನಕಾಯಿ ಹೊಲಗಳಿಗೂ ನಡುವೆ ನಿಂತಿದ್ದ ಮರಳುದಿಬ್ಬದ ಅರ್ಧಭಾಗ ಗಣಿ ಕಂಪನಿಯ ಲಾರಿಗಳನ್ನೇರಿ ಹೋಗಿದೆ. ಉಪ್ಪುಗಾಳಿಗೆ ಈಗ ತಡೆಯಿಲ್ಲ. ನಿನ್ನ ಗಿಡಗಳ ಎಲೆಯಂಚು ಬೆಂಕಿ ತಗುಲಿದಂತೆ ಕಂದಿದೆ. ಪಕ್ಕದ ಹೊಲದ ವಾಕಿಜಾನ್ ದಿನಕ್ಕೆರಡು ಬಾರಿ ಅವಕ್ಕೂ ನೀರುಣಿಸುತ್ತಾನೆ. ಅವನ ನಾಲಗೆ ಮಾತ್ರ ಬಾಡಿಲ್ಲ. “ಬು ಗುರು, ಇನ್ನು ಮೀನಿಗೆ ಉಪ್ಪು ಸವರೋ ಕಷ್ಟ ಇಲ್ಲ. ನಮ್ಮ ಬಾವೀಲಿ ಅದ್ದಿ ತೆಗೆದ್ರೆ ಸಾಕು!” ಎಂದ.

ಅಗೆಯುವ ಯಂತ್ರದ ಚಾಲಕನನ್ನು ನೀನು ಸೆರೆಯಿಟ್ಟೆ ಎಂಬ ಆರೋಪವನ್ನು ಓದಿದೆ. ಯಂತ್ರದ ಮುಂದೆ ನೀನು ಕುಳಿತದ್ದು ನಿಜ. ಆ ಮಹಾನುಭಾವ ಮಧ್ಯಾಹ್ನ ಇಳಿದು ಬಂದು, ನಿನ್ನ ತಾಯಿ ಬಡಿಸಿದ ಅನ್ನ ಉಂಡು, ಇನ್ನೊಂದು ಹಿಡಿ ಕೇಳಿ ಹಾಕಿಸಿಕೊಂಡದ್ದೂ ಅಷ್ಟೇ ನಿಜ. ಅದನ್ನು ಯಾರೂ ಬರೆದುಕೊಂಡಿಲ್ಲ.

ನಿನ್ನ ವಕೀಲರು ಒಂದು ದಾರಿ ತೋರಿಸಿದರು. “ಊರಲ್ಲಿ ಅರ್ಧದಷ್ಟು ಜನ ‘ಇವನು ಓಡಿಹೋಗಲ್ಲ, ನಾವು ಜವಾಬ್ದಾರಿ’ ಅಂತ ಸಹಿ ಹಾಕ್ಲಿ. ವಿಚಾರಣೆ ಮುಗಿಯೋವರೆಗೂ ಮನೇಲಿರೋಕೆ ಬಿಡಬಹುದು. ಸೋಮವಾರದೊಳಗೆ ತಂದ್ಬಿಡಿ, ಬು ಗುರು.” ನಾನು ಹಾಳೆಗಳಿಗೆ ಗೆರೆ ಎಳೆದುಕೊಂಡು ಮನೆಮನೆಗೆ ಹೋದೆ. ಬಾಗಿಲು ತೆರೆದರು, ಚಹಾ ಕೊಟ್ಟರು, ನಿನ್ನ ಆರೋಗ್ಯ ವಿಚಾರಿಸಿದರು. ಸಹಿ ಹಾಕಲಿಲ್ಲ.

ಊರೇ ಗಣಿಗೆ ಒಪ್ಪಿ ಸಹಿ ಹಾಕಿದೆಯೆಂದು ಪೊಲೀಸರು ಹೇಳುತ್ತಾರೆ, ಸುಳ್ಳು ತಾನೆ ಎಂದು ನೀನು ಕಾಗದದಲ್ಲಿ ಕೇಳಿದ್ದೆ. ಆ ಸಹಿಗಳು ಸುಳ್ಳಲ್ಲ, ಪರ್ಜೊನೊ.

ಮಾರ್ಚಿನಲ್ಲಿ ಕಂಪನಿಯವರು ‘ಮಾಹಿತಿ ಸಭೆ’ ಕರೆದಿದ್ದರು. ನೀನು ಅಂದು ಮೆಣಸಿನಕಾಯಿ ಮಾರಲು ಪೇಟೆಗೆ ಹೋಗಿದ್ದೆ. ಸಭೆಯೆಂದರೆ ಹಾಜರಿ ಹಾಳೆ, ಸಹಿ ಹಾಕಿದವರಿಗೆ ತಿಂಡಿಯ ಪೊಟ್ಟಣ. ನಮ್ಮಲ್ಲಿ ಯಾವಾಗಲೂ ಹಾಗೆಯೇ. ಊರಿನ ಮುಖ್ಯಸ್ಥ ನಗುನಗುತ್ತಾ, “ಬು ಗುರು, ನೀವು ನಿಂತ್ರೆ ಮಾತ್ರ ಈ ಜನ ಸಾಲಲ್ಲಿ ಬರ್ತಾರೆ” ಎಂದ. ಹೊಗಳಿಕೆಗೆ ಉಬ್ಬಿ ಬಾಗಿಲಲ್ಲಿ ನಿಂತೆ. ಗೀಚಿದವರಿಂದ ಮತ್ತೆ ಬರೆಯಿಸಿದೆ. ಸುಮ್ಮನೆ ಒಳನುಸುಳಿದ ವಾಕಿಜಾನ್‌ನನ್ನು ಕರೆತಂದು ಪೂರ್ಣ ಹೆಸರು ಹಾಕಿಸಿದೆ. ಹಾಳೆಯ ಮೇಲ್ಭಾಗ ಖಾಲಿಯಿತ್ತು. ಶೀರ್ಷಿಕೆಯಿಲ್ಲದ ಪ್ರಬಂಧಕ್ಕೆ ಅಂಕ ಕೊಡದ ನಾನು, ಶೀರ್ಷಿಕೆಯೆಲ್ಲಿ ಎಂದು ಕೇಳಲಿಲ್ಲ.

ನಿನ್ನ ಬಂಧನವಾದ ಮೇಲೆ ಊರಿನ ಕೆಲವರು ಕೂಡಿ ಜಿಲ್ಲಾ ಕಚೇರಿಗೆ ಹೋಗಿ ಗಣಿಯ ಕಡತ ಕೇಳಿದೆವು. ಗಣಿಗಾರಿಕೆಗೆ ‘ಕೆಳಗೆ ಸಹಿ ಮಾಡಿದ ನಾವು’ ಮನಸಾರೆ ಒಪ್ಪಿದ್ದೇವೆಂಬ ಪುಟ. ಅದರ ಹಿಂದೆ ಪಿನ್ ಹೊಡೆದ ನನ್ನ ಹಾಜರಿ ಹಾಳೆ. ಗುಮಾಸ್ತ ಪುಟಗಳನ್ನು ನಮ್ಮತ್ತ ತಿರುಗಿಸಿದ. “ನೋಡಮ್ಮ, ನೂರಾ ನಲವತ್ತೆರಡು. ಒಂದೊಂದೂ ಮುತ್ತು ಪೋಣಿಸಿದ ಹಾಗೆ! ಬೇರೆ ಊರವರು ಕೋಳಿ ಕೆದರಿದ ಹಾಗೆ ಗೀಚ್ತಾರೆ.” ನನ್ನ ಜೊತೆ ಬಂದವರು ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿಯೂ ನೋಡಲಿಲ್ಲ.

ಮೊನ್ನೆ ವಾಕಿಜಾನ್‌ನ ಮುಂದೆ ನಿನ್ನ ಹಾಳೆ ಚಾಚಿದಾಗ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ತಿಂಡಿ ಪೊಟ್ಟಣಕ್ಕೆ ಸಹಿ ಹಾಕಿದ್ದಕ್ಕೆ ದಿಬ್ಬಾನೇ ಹೋಯ್ತು. ಪರ್ಜೊನೊಗೆ ಅಂತ ಹಾಕಿದ್ರೆ ಇನ್ನೇನು ಹೋಗುತ್ತೋ?”

“ಸುಮ್ನಿರಿ, ಬು ಗುರು ಮುಂದೆ ಹೀಗಾ ಮಾತಾಡೋದು?” ಎಂದು ಹೆಂಡತಿ ಗದರಿದಳು.

“ಅವತ್ತು ಹಾಕಿದ್ದೂ ಅವರ ಮುಂದೇನೇ ಅಲ್ವೇನೆ?”

ತಪ್ಪು ಬರೆದ ಮಕ್ಕಳು ಸ್ಲೇಟು ಮುಚ್ಚಿಕೊಳ್ಳುವಂತೆ ಹಾಳೆಯನ್ನು ಎದೆಗೊತ್ತಿಕೊಂಡು ಅವನ ಅಂಗಳ ದಾಟಿದೆ.

ಇಂದಿಗೆ ಒಂಬತ್ತು ಸಹಿಗಳಾಗಿವೆ. ಅವುಗಳಲ್ಲಿ ಒಂದು ನನ್ನದು. ಸೋಮವಾರಕ್ಕೆ ಐದು ದಿನ ಉಳಿದಿದೆ. ನಾಳೆ ಬೆಸ್ತರ ಕೇರಿಗೆ ಹೋಗುತ್ತೇನೆ. ನೀನು ತಣ್ಣನೆಯ ನೆಲದಲ್ಲಿ ಮಲಗಬೇಡ, ಕೊಟ್ಟದ್ದನ್ನು ಬಿಡದೆ ಉಣ್ಣು. ಭಗವಂತ ನಿನ್ನ ಬೆನ್ನನ್ನೂ ಮನಸ್ಸನ್ನೂ ನೆಟ್ಟಗಿಡಲಿ.

ನಿನ್ನ ಬು ಗುರು,
ಮರ್ಸಿಯಾತಿ

ಮರೆತ ಮಾತು: ಮರೆತದ್ದಲ್ಲ; ಮೇಲೆ ಬರೆಯಲಾಗಲಿಲ್ಲ. ಆ ಒಂಬತ್ತರಲ್ಲಿ ನಿನ್ನ ತಾಯಿಯ ಸಹಿ ಇಲ್ಲ. ವಯಸ್ಕರ ತರಗತಿಯಲ್ಲಿ, ಆಕೆಯ ನಲವತ್ತನೆಯ ವಯಸ್ಸಿನಲ್ಲಿ, ಕೈಹಿಡಿದು ಹೆಸರು ಬರೆಯಲು ಕಲಿಸಿದವಳು ನಾನು. ನಿನ್ನೆ ಮೂರನೆಯ ಬಾರಿ ಹೋದೆ. ಹಾಳೆಯ ಹಿಂದುಮುಂದು ನೋಡಿ, ಬಿಸಿಲಿಗೆ ಹಿಡಿದು ನೋಡಿ, ನನ್ನ ಮಡಿಲಲ್ಲಿಟ್ಟಳು. “ಇದರ ಮೇಲೂ ಇನ್ನೊಂದು ಪುಟ ಸೇರಿಸಿ, ‘ಹೆತ್ತವಳೇ ಒಪ್ಪಿದಾಳೆ, ಹತ್ತು ವರ್ಷ ಒಳಗಿಡಿ’ ಅಂತ ಬರೆದ್ರೆ ನಾನೇನು ಮಾಡ್ಲಿ, ಬು ಗುರು?” ಹಾಗಾಗದು, ಶೀರ್ಷಿಕೆ ನಾನೇ ಬರೆದಿದ್ದೇನೆ ಎಂದೆ. ಆಕೆ ನನ್ನ ಚಹಾ ಲೋಟ ಎತ್ತಿಕೊಂಡು ಎದ್ದಳು.

“ಜಡ್ಜ್‌ಗೆ ಹೇಳಿಬಿಡಿ. ಅವನ ಹೆತ್ತವಳಿಗೆ ಬರೆಯೋಕೆ ಯಾರೂ ಕಲಿಸಿಲ್ಲ ಅಂತ.”