ಪುಡಿಯಾಗದೆ ಉಳಿದ ಹುಳ

ಮಾರ್ಚ್ 4
ಬೆಳಿಗ್ಗೆಯಿಂದ ಸೂಜಿ ಹಿಡಿದು ಕೂತದ್ದೇ. ಮ್ಯೂಸಿಯಂನ ನೆಲಮಾಳಿಗೆ, ಲೆನ್ಸು, ದೀಪ. ಕಲ್ಲಿನಿಂದ ಇನ್ನೊಂದು ಪಳೆಯುಳಿಕೆ ಚಿಪ್ಪು ಬಿಡಿಸಿದೆ. ಹನ್ನೊಂದು ವರ್ಷದಲ್ಲಿ ಬಿಡಿಸಿದ್ದೆಲ್ಲ ಚಿಪ್ಪು, ಹಲ್ಲು, ಮೂಳೆ. ಗಟ್ಟಿಪಿಂಡಗಳೇ ಉಳಿಯುವುದು. ಮೆತ್ತಗಿನ ಜೀವಗಳು ವಾರದೊಳಗೆ ಕೊಳೆತು ಹೇಳಹೆಸರಿಲ್ಲದಂತಾಗುತ್ತವೆ.

ಮಧ್ಯಾಹ್ನ ಜಲ್ಲಿ ಕ್ರಷರ್‌ನಿಂದ ಫೋನು. ಆಪರೇಟರ್ ಅಂತೆ. "ಒಡೆದ ಕಲ್ಲಲ್ಲಿ ಏನೋ ಹುಳದ ಥರ ಇದೆ ಮೇಡಂ. ಪುಡಿ ಮಾಡೋಕೆ ಮನಸ್ಸಾಗ್ಲಿಲ್ಲ. ಮಿಷನ್ ನಿಲ್ಸಿದೀನಿ. ಸೂಪರ್‌ವೈಸರ್ ಹಾರಾಡ್ತಿದಾರೆ, ಬೇಗ ಬನ್ನಿ."

ಓಡಿದೆ. ಕಲ್ಲಿಗೆ ಶರ್ಟು ಹೊದಿಸಿ, ಬನಿಯನ್ನಿನಲ್ಲೇ ಕಾವಲು ಕೂತಿದ್ದರು ಪುಣ್ಯಾತ್ಮ.

ಮಾರ್ಚ್ 29
ಇಷ್ಟು ದಿನ ಬರೆದಿಲ್ಲ. ಹಗಲೆಲ್ಲ ಅದೇ ಕಲ್ಲು. ಉಸಿರು ಬಿಟ್ಟರೆ ಹಾರಿಹೋಗುವಂಥ ಕಪ್ಪು ಪೊರೆ... ಇವತ್ತು ಪೂರ್ತಿ ಕಂಡಿತು. ಕಿರುಬೆರಳುದ್ದದ ಹುಳ. ಮೂಳೆಯಿಲ್ಲ, ಚಿಪ್ಪಿಲ್ಲ. ಕರುಳಿನ ಗೆರೆ ಮಾತ್ರ ಹಾಗೇ ಇದೆ! ನಮ್ಮ ಮ್ಯೂಸಿಯಂನ ವಿಜ್ಞಾನಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು — ಕನ್ನಡಕವನ್ನಲ್ಲ.

ಏಪ್ರಿಲ್ 2
ಆಪರೇಟರ್ ನೋಡಲು ಬಂದರು. ಲೆನ್ಸಿಗೆ ಕಣ್ಣಿಟ್ಟು ಕೇಳಿದರು, "ಇದರ ಅಣ್ತಮ್ಮಂದ್ರೆಲ್ಲ ಎಲ್ಲಿ ಹೋದ್ರು?"

"ಕೆಲವನ್ನ ಬೇರೆ ಪ್ರಾಣಿ ತಿಂದ್ವು, ಕೆಲವು ಕೊಳೆತ್ವು. ಸತ್ತ ಕೂಡ್ಲೇ ಕೆಸರು ಮುಚ್ಚಿದ್ರೆ ಉಳಿದ್ರೂ ಉಳೀಬಹುದು. ಆಮೇಲೆ ಆ ಕಲ್ಲು ಭೂಮಿಯೊಳಗೆ ಬೆಂದುಹೋಗ್ಬಾರ್ದು, ಮಳೆಗೆ ಸವೀಬಾರ್ದು. ಕೊನೆಗೆ ಯಾರಾದ್ರೂ ನೋಡ್ಬೇಕು."

ಸ್ಟೂಲು ಎಳೆದುಕೊಂಡು ಕೂತರು. "ಹತ್ತೊಂಬತ್ತು ವರ್ಷದಲ್ಲಿ ಎಷ್ಟನ್ನ ಜಲ್ಲಿ ಮಾಡಿ ರಸ್ತೆಗೆ ಹಾಕಿದೀನೋ!"

ಯಾರಿಗೂ ಹೇಳದ್ದು ಹೇಳಿಬಿಟ್ಟೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಇಂಥದೇ ಕಪ್ಪು ಕಲೆಗಳನ್ನು ಕೊಳೆ ಅಂದುಕೊಂಡು ಬ್ರಷ್ಷಿನಲ್ಲಿ ಉಜ್ಜಿ ತೆಗೆದಿದ್ದೆ. ಯಾವ ಜೀವದ ಮೈಯೋ ಏನೋ.

ಮತ್ತೆ ಲೆನ್ಸಿಗೆ ಕಣ್ಣಿಟ್ಟರು. "ಹೋಗ್ಲಿ ಬಿಡಿ. ಇಬ್ರೂ ಸೇರಿ ಇದೊಂದನ್ನಾದ್ರೂ ಉಳಿಸಿದ್ವಲ್ಲ."

ಹನ್ನೊಂದು ವರ್ಷದ ಭಾರ ಇಳಿಯಿತು. ಇವರ ಋಣ ಹೇಗೆ ತೀರಿಸಲಿ? ಥ್ಯಾಂಕ್ಸ್ ಅನ್ನುವುದೂ ಮರೆತುಹೋಯಿತು.

ಏಪ್ರಿಲ್ 20, ಬೆಳಿಗ್ಗೆ 11
ಹುಳ ಗಾಜಿನ ಪೆಟ್ಟಿಗೆಗೆ ಬಂತು. ಪಕ್ಕದ ಫಲಕದಲ್ಲಿ ಆಪರೇಟರ್ ಹೆಸರೇ ಮೊದಲು — ವಿಜ್ಞಾನಿ ಮೇಡಂ ಹಟ ಹಿಡಿದು ಹಾಕಿಸಿದ್ದು. ಆಪರೇಟರ್ ತಮ್ಮ ಅತ್ತೆಯನ್ನೂ ಕರೆತಂದಿದ್ದಾರೆ. ಆಕೆ ಬಗ್ಗಿ ನೋಡಿ, "ಇಷ್ಟುದ್ದದ ಹುಳಕ್ಕೆ ಅಷ್ಟು ದೊಡ್ಡ ಮಿಷನ್ ನಿಲ್ಸಿದ್ರಾ ಅಳಿಯಂದ್ರೇ?"

ಅಳಿಯಂದಿರು ನಾಚಿ ನೀರಾದರು. ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು. ಈಗ ಫೋಟೋಗೆ ಕರೆಯುತ್ತಿದ್ದಾರೆ, ಆಪರೇಟರ್ ನಾನಿಲ್ಲದೆ ನಿಲ್ಲುವುದಿಲ್ಲವಂತೆ. ಸರಿ, ಮೊದಲು ಆ ಥ್ಯಾಂಕ್ಸು ಹೇಳಿ, ಆಮೇಲೆ ಫೋಟೋ.